ಅಮೆರಿಕದ ಬಡ್ಡಿ ದುಬೈ ಸಾಲಕ್ಕೆ ತಟ್ಟುವುದು ಹೇಗೆ? ನೀವೇ ಲೆಕ್ಕ ಹಿಡಿಯಿರಿ

ದುಬೈಯಲ್ಲಿ ಬದಲಾಗುವ ಬಡ್ಡಿಗೆ ಸಾಲ ಮಾಡಿದವರಿಗೆ 2022ರಿಂದ ಕಂತು ಏರುತ್ತಾ ಹೋಯಿತು. ಮಂಗಳೂರು, ಭಟ್ಕಳ ಕಡೆಯಿಂದ ಹೋದ ನಮ್ಮವರಿಗೂ ಬಿಸಿ ತಟ್ಟಿತು. ಆದರೆ ಬಡ್ಡಿ ಏರಿಕೆ ಶುರುವಾದದ್ದು ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನಲ್ಲಿ (ಚಿಕ್ಕದಾಗಿ ಫೆಡ್). ಅದು ಬಂದ ದಾರಿ ಹಿಡಿಯುವುದು ಕಷ್ಟವಲ್ಲ.

ಮೊದಲು ವಿನಿಮಯ ದರ ನೋಡಿ. ದುಬೈ ಇರುವ ದೇಶ ಯುಎಇ, ಅದರ ಹಣ ದಿರ್ಹಮ್. 1 ಡಾಲರ್‌ಗೆ 3.6725 ದಿರ್ಹಮ್. 1997ರಿಂದ ಇದು ಕದಲಿಲ್ಲ. ಈ ಬೆಲೆಗೆ ಡಾಲರ್ ಕೊಡುತ್ತೇನೆ ಎಂದು ಯುಎಇ ಕೇಂದ್ರ ಬ್ಯಾಂಕ್ ಮಾತು ಕೊಟ್ಟಿದೆ.

ಆಮೇಲೆ ಎರಡೂ ಕಡೆಯ ಬಡ್ಡಿಯನ್ನು ಪಕ್ಕಪಕ್ಕ ಇಡಿ. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು ಫೆಡ್ 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಒಯ್ದಿತು. ಯುಎಇ ಕೇಂದ್ರ ಬ್ಯಾಂಕಿನ ಮೂಲ ಬಡ್ಡಿ ದರ ಶೇ 5.40 ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಫೆಡ್ ಅರ್ಧ ಪರ್ಸೆಂಟ್ ಇಳಿಸಿತು. ಯುಎಇಯೂ 4.90ಕ್ಕೆ ಇಳಿಯಿತು.

ಈಗ ಕೇಳಿಕೊಳ್ಳಿ: ಯುಎಇ ಫೆಡ್‌ನ ಹಿಂದೆ ಹೋಗದೆ ಸುಮ್ನೆ ಕೂತಿದ್ದರೆ? ಡಾಲರ್ ಠೇವಣಿಗೆ ಶೇ 5, ದಿರ್ಹಮ್‌ಗೆ ಶೇ 1 ಎಂದುಕೊಳ್ಳಿ. ವಿನಿಮಯ ದರ ಕದಲುವುದಿಲ್ಲ ಎಂದಮೇಲೆ ದಿರ್ಹಮ್ ಯಾರು ಇಟ್ಟುಕೊಳ್ಳುತ್ತಾರೆ? ಎಲ್ಲರೂ ಕೊಟ್ಟು ಡಾಲರ್ ಒಯ್ಯುತ್ತಾರೆ. ಕೇಂದ್ರ ಬ್ಯಾಂಕ್ ಮಾತು ಉಳಿಸಿಕೊಳ್ಳಲು ಡಾಲರ್ ಕೊಡಲೇಬೇಕು. ವಾಪಸು ಬಂದ ದಿರ್ಹಮ್ ಅದರ ತಿಜೋರಿ ಸೇರುತ್ತದೆ. ಪೇಟೆಯಲ್ಲಿ ದಿರ್ಹಮ್ ಕಡಿಮೆಯಾಗುತ್ತದೆ. ಒಂದರಿಂದೊಂದು ಪಡೆಯುವ ಕೈಗಡಕ್ಕೆ ಬ್ಯಾಂಕುಗಳು ಜಾಸ್ತಿ ಬಡ್ಡಿ ಕೊಡಬೇಕಾಗುತ್ತದೆ. ಕೊನೆಗೂ ಬಡ್ಡಿ ಏರಿಯೇ ಏರುತ್ತದೆ, ಅಷ್ಟರಲ್ಲಿ ಡಾಲರ್ ಕೂಡಿಟ್ಟದ್ದು ಕರಗಿರುತ್ತದೆ. ಅದಕ್ಕೇ ಮೊದಲೇ ಏರಿಸಿಬಿಡುವುದು.

ಇದರಲ್ಲಿ ಒಂದು ನೋವಿದೆ. 2007ರ ಸೆಪ್ಟೆಂಬರ್‌ನಿಂದ 2008ರ ಏಪ್ರಿಲ್ ಒಳಗೆ ಫೆಡ್ ತನ್ನ ದೇಶದ ಮನೆ ಸಾಲದ ಬಿಕ್ಕಟ್ಟಿಗಾಗಿ ದರವನ್ನು ಶೇ 5.25ರಿಂದ 2ಕ್ಕೆ ಇಳಿಸಿತು. ಆಗ ಕೊಲ್ಲಿಯಲ್ಲಿ ತೈಲದ ಹಣ ಹರಿಯುತ್ತಿತ್ತು, ಬಾಡಿಗೆ ಗಗನಕ್ಕೇರಿತ್ತು. ಅಲ್ಲಿಗೆ ಬೇಕಾಗಿದ್ದದ್ದು ಜಾಸ್ತಿ ಬಡ್ಡಿ, ಬಂದದ್ದು ಕಡಿಮೆ ಬಡ್ಡಿ. ಕುವೈತ್ 2007ರ ಮೇ ತಿಂಗಳಲ್ಲೇ ಡಾಲರ್ ಒಂದಕ್ಕೇ ಜೋತುಬೀಳುವುದನ್ನು ಬಿಟ್ಟು, ಹಲವು ಕರೆನ್ಸಿಗಳ ಬುಟ್ಟಿಗೆ ದಿನಾರನ್ನು ಕಟ್ಟಿತ್ತು. ತೈಲವನ್ನು ಡಾಲರ್‌ನಲ್ಲೇ ಮಾರುವ ದೇಶಕ್ಕೆ ಸ್ಥಿರ ದರ ಒಳ್ಳೆಯದೇ ಎಂದು ನನಗನಿಸುತ್ತದೆ. ಆದರೆ ಅದರ ಬೆಲೆ ತೆತ್ತವರು ಬಾಡಿಗೆ ಮನೆಯವರು, ಅಲ್ವಾ?

ಊರಿಗೆ ಹಣ ಕಳಿಸುವಾಗಲೂ ಇದೇ ಸ್ಥಿರ ದರ ನೆರವಾಗುತ್ತದೆ. ಡಾಲರ್‌ನ ರೂಪಾಯಿ ಬೆಲೆಯನ್ನು 3.6725ರಿಂದ ಭಾಗಿಸಿ. ಡಾಲರ್ 85 ರೂಪಾಯಿ ಇದ್ದರೆ ದಿರ್ಹಮ್ ಸುಮಾರು 23.14. ಹಣ ಕಳಿಸುವ ಅಂಗಡಿ ಹೇಳುವ ದರ ಇದಕ್ಕಿಂತ ಎಷ್ಟು ಕಡಿಮೆ ಎಂದು ಕೌಂಟರ್ ಮುಂದೆಯೇ ನೋಡಿಕೊಳ್ಳಿ.