ಚಿಗರಿ ಮರಿ ತಾಯಿಗೆ ವಾಪಸ್ ಮುಟ್ಟಿಸೋದು – ನನ್ನ ಅನುಭವ

ಜ್ವಾಳದ ಸುಗ್ಗಿ ಬಂತಂದ್ರ ಕಲಬುರಗಿ ಸುತ್ತಲ ಹಳ್ಳಿಯಿಂದ ನಾನು ಕೀಪರ್ (ಪ್ರಾಣಿ ನೋಡಿಕೊಳ್ಳೋ) ಕೆಲಸ ಮಾಡೋ ಜೂಗೆ ಚಿಗರಿ, ಅಂದ್ರ ಕೃಷ್ಣಮೃಗದ ಮರಿ ಬರ್ತಾವ. ಹೊಲದಾಗ ಮರಿ ಒಂದೇ ಮಲಗಿದ್ದು ನೋಡಿ, ತಾಯಿ ಬಿಟ್ಟು ಹೋಗ್ಯಾದ ಅಂತ ತಿಳಕೊಂಡು ಗೋಣಿಚೀಲದಾಗ ಹಾಕ್ಕೊಂಡು ಬೈಕ್ ಮ್ಯಾಲ ತಂದುಬಿಡ್ತಾರ. ಪುಣ್ಯದ ಕೆಲಸ ಅಂತನೇ ತರ್ತಾರ, ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ತಾಯಿ ಅಲ್ಲೇ ಎಲ್ಲೋ ಮೇಯ್ತಿರ್ತದ, ಮರಿ ಮುಚ್ಚಿಟ್ಟು ಹಾಲು ಕುಡಸಕ್ಕಷ್ಟೇ ಬರ್ತದ, ಕೀಪರ್ ಕೆಲಸ ಮಾಡೋರಿಗೆ ಇದು ಹೇಳೋದು ಬ್ಯಾಡ.

ಮೊದಲ ಇಂಥಾ ಮರಿ ಎಲ್ಲಾ ಬಾಟ್ಲಿ ಹಾಲಿಗೇ ಹೋಗ್ತಿದ್ವು. ಎಮ್ಮಿ ಹಾಲಿಗೆ ಜುಲಾಬು ಹತ್ತಿ ಎರಡು ದಿನದಾಗ ಕಣ್ಣು ಒಳಗ ಹೋಗ್ತಾವ, ಆಡಿನ ಹಾಲು ಹುಡುಕಿದ್ರ ಲೀಟರಿಗೆ ನೂರರ ಹತ್ರ, ಅದೂ ದಿನಾ ಸಿಗಂಗಿಲ್ಲ, ರಾತ್ರಿ ಎದ್ದು ಕುಡಸಬೇಕು, ಔಷಧ ಬ್ಯಾರೆ, ಹಂಗ ನೋಡಿದ್ರ ಒಂದು ಮರಿಗೆ ಎಂಟೊಂಬತ್ತು ಸಾವಿರ ಹೋಗ್ತಿತ್ತು. ಅಷ್ಟಾದ್ರೂ ಅರ್ಧಕ್ಕರ್ಧ ಸಾಯ್ತಿದ್ವು. ಉಳಿದ ಗಂಡು ಮನುಷ್ಯಾರ ಅಂಜಿಕಿ ಇಲ್ಲದ ಬೆಳದು, ಕೋಡು ಬಂದಮ್ಯಾಲ ನಮಗೇ ಹಾಯಕ್ಕ ಬರ್ತದ, ಅದನ್ನ ಹೊರಗೂ ಬಿಡಂಗಿಲ್ಲ ಹಿಂಡಿನಾಗೂ ಬಿಡಂಗಿಲ್ಲ, ಜೀವ ಇರೋತನಕ ಒಂಟಿ ಕೋಣ್ಯಾಗ.

ವಾಪಸ್ ಇಡೋಣ ಅಂದಾಗ ಹಿರಿಯರೊಬ್ರು "ತಮ್ಮಾ, ಮನುಷ್ಯಾರ ವಾಸನಿ ಹತ್ತಿದ ಮರಿ ತಾಯಿ ಮುಟ್ಟಂಗಿಲ್ಲ, ನಾಯಿ ಬಾಯಿಗೆ ಹಾಕ್ತೀಯೇನು" ಅಂದ್ರು. ಎಲ್ಲಾರೂ ಹಂಗೇ ಅಂತಿದ್ರು. ನಾನು ಕೇಳಿದ್ದು ಒಂದೇ, ತಾಯಿ ಮುಟ್ಟಲಿಲ್ಲ ಅಂತ ಕಣ್ಣಾರೆ ಕಂಡೋರು ಯಾರದೀರಿ? ಯಾರೂ ಇರಲಿಲ್ಲ.

ಅರಣ್ಯ ಇಲಾಖೆ ಬಿಟ್ಟು ಇದರಾಗ ಕೈ ಹಾಕಬ್ಯಾಡ್ರಿ. ಚಿಗರಿ 1972ರ ವನ್ಯಜೀವಿ ಕಾಯ್ದೆ ಒಂದನೇ ಶೆಡ್ಯೂಲಿನಾಗ (ಹೆಚ್ಚಿನ ರಕ್ಷಣೆ ಇರೋ ಪಟ್ಟಿಯಾಗ) ಅದ. ಬೀಟ್ ಗಾರ್ಡ್ (ಆ ಭಾಗದ ಅರಣ್ಯ ಕಾವಲುಗಾರ) ಜೋಡಿ ಇರಬೇಕು, ತಂದ ರೈತನೂ ಜೋಡಿ ಬರಬೇಕು, ಯಾಕಂದ್ರ ಎಲ್ಲಿಂದ ಎತ್ತಿದ್ನೋ ಅದೇ ಜಾಗದಾಗ ಇಡಬೇಕು, ಒಡ್ಡಿನ ಆ ಕಡಿ ಈ ಕಡಿ ಆದ್ರೂ ಕೆಲಸ ಕೆಡ್ತದ. ಬಿಸಿಲು ಇಳದಮ್ಯಾಲ ಇಟ್ಟು, ಗಾಳಿ ನಮ್ಮ ಕಡಿ ಬೀಸೋ ದಿಕ್ಕಿಗೆ ಇನ್ನೂರು ಮುನ್ನೂರು ಮೀಟರ್ ದೂರ ಹೋಗಿ ದುರ್ಬೀನು ಹಿಡಕೊಂಡು ಕೂಡೋದು. ಮಾತಿಲ್ಲ, ಬೀಡಿ ಇಲ್ಲ, ಮೊಬೈಲ್ ಬೆಳಕಿಲ್ಲ. ಮೊದಲನೇ ಸಲ ಕತ್ತಲ ಆಗೋ ಹೊತ್ತಿಗೆ ತಾಯಿ ಬಂದು ಮರಿ ನೆಕ್ಕಿ ಹಾಲು ಕುಡಸಿದಾಗ ಬಾಜೂ ಕುಂತ ಗಾರ್ಡ್ ಅಣ್ಣ ನನ್ನ ಕೈ ಗಟ್ಟಿ ಹಿಡದ. ವಾಸನಿ ಮಾತು ಅವತ್ತೇ ಮುಗೀತು.

ಮರಿ ಹಿಡಿಯೋ ಮುಂದ ಒಂದು ಕೆಲಸ ಮಾಡ್ತೀನಿ, ತಾಯಿನ ಹತ್ರ ಕರಿಯೋದಕ್ಕೂ ಒಂದು ಉಪಾಯ ಅದ, ಅವೆರಡೂ ಬರಿಯಂಗಿಲ್ಲ. ಬೇಟೆ ಆಡೋರೂ ಓದ್ತಾರ.

ಎಲ್ಲಾ ಸಲ ಆಗಂಗಿಲ್ಲ. ಮರಿ ಎತ್ತಿ ಎರಡು ದಿನ ಮನ್ಯಾಗ ಇಟ್ಟುಕೊಂಡು ಆಮ್ಯಾಲ ತಂದ್ರ ಭಾಳ ಕಷ್ಟ. ಮಷೀನ್ ಹಾಕಿ ಹೊಲ ಬೋಳು ಮಾಡಿದ್ರ ಮರಿ ಅಡಗಕ್ಕ ಜಾಗಾನೇ ಇರಂಗಿಲ್ಲ. ಆಳಂದ ಕಡಿ ಒಂದು ಸಲ ತಾಯಿ ಐವತ್ತು ಮೀಟರಿನತನಕ ಬಂದಿತ್ತು, ಊರ ನಾಯಿ ಹಿಂಡು ಬಂದು ಓಡಿಸಿಬಿಡ್ತು, ಆ ಮರಿ ನಾವೇ ವಾಪಸ್ ತಂದ್ವಿ, ಉಳೀಲಿಲ್ಲ. ಅದು ಇವತ್ತಿಗೂ ಮನಸ್ಸಿನಾಗ ಅದ. ಒಟ್ಟು ನೋಡಿದ್ರ ಅದೇ ದಿನ ತಂದಿದ್ರಾಗ ಹತ್ತಕ್ಕ ಆರೇಳು ತಾಯಿಗೆ ಮುಟ್ಟ್ಯಾವ. ಖರ್ಚು ಪೆಟ್ರೋಲು ಚಾ ಸೇರಿ ನಾನೂರು ಐನೂರು, ಎಂಟೊಂಬತ್ತು ಸಾವಿರ ಎಲ್ಲಿ ಇದೆಲ್ಲಿ.

ಇದನ್ನ ನೋಡಿಯೇ ಜೂ ಒಳಗೂ ಒಂದು ಮಾಡಿದೆ. ಅಲ್ಲಿ ಹುಟ್ಟಿದ ಮರಿಗೂ ಅಡಗಕ್ಕ ಜಾಗ ಬೇಕಲ್ಲ, ಜಾಲರಿ ಒಳಗ ತೊಗರಿ ಕಟ್ಟಿಗಿ ಒತ್ತಾಗಿ ನಿಂದರಿಸಿ ಮರಿ ನುಸಿಯೋವಷ್ಟು ಸಂದಿ ಬಿಟ್ಟೆ. ನಮ್ಮ ಕಡಿ ತೊಗರಿ ಕಟ್ಟಿಗಿಗೆ ಬರ ಇಲ್ಲ, ಟ್ರಾಕ್ಟರ್ ಲೋಡಿಗೆ ಎರಡು ಎರಡೂವರೆ ಸಾವಿರ. ಹಸಿರು ನೆಟ್ ಇದರ ಮೂರು ಪಟ್ಟು, ಗಾಳಿಗೆ ಹರಕೊಂಡು ಹೋಗ್ತದ. ನೋಡಕ್ಕ ಬಂದ ಮಂದಿಗೆ ಪ್ರಾಣಿ ಕಾಣಂಗಿಲ್ಲ ಅಂತ ತಕರಾರು ಬಂತು, ಒಂದು ಮೂಲಿ ತೆರದು ಕೊಟ್ವಿ. ಮಂದಿ ಕಂಡು ಬೆದರಿ ಜಾಲರಿಗೆ ಬಡಕೊಂಡು ಸಾಯೋದು ನಿಂತೇ ಹೋಯ್ತು. ಮಳಿಗಾಲದಾಗ ಗೆದ್ದಲಿ ಹಿಡೀತದ, ವರ್ಷಾ ಹೊಸಾದು ಹಾಕಬೇಕು. ಜ್ವಾಳದ ಕಣಕಿನೂ ಹಾಕಿ ನೋಡಿದೆ, ಅದನ್ನ ಅವು ತಿಂದು ಮುಗಿಸಿದ್ವು.

ಜೂ ಅಂದ್ರ ಮರಿ ಮಾಡ್ಸಿ ಕಾಡಿಗೆ ಬಿಡೋದು ಅಂತ ಮಂದಿ ತಿಳದಾರ. ಹೈದ್ರಾಬಾದಿನ ನೆಹರೂ ಜೂ ಪಾರ್ಕಿನಾಗ ಸಿಸಿಎಂಬಿ ಅನ್ನೋ ವಿಜ್ಞಾನ ಸಂಸ್ಥೆ ಜೋಡಿ ಸೇರಿ ಮೌಸ್ ಡಿಯರ್ (ಮೊಲದಷ್ಟಿರೋ ಜಿಂಕಿಯಂಥ ಪ್ರಾಣಿ) ಬೆಳಸಿ 2017ರಾಗ ತೆಲಂಗಾಣದ ಅಮ್ರಾಬಾದ್ ಕಾಡಿಗೆ ಬಿಟ್ರು, ಹರಿಯಾಣದ ಪಿಂಜೋರಿನಾಗ ರಣಹದ್ದು ಬೆಳಸ್ತಾರ, ಭಾರಿ ದೊಡ್ಡ ಕೆಲಸ ಅವು. ಆದ್ರ ಚಿಗರಿ ನಮ್ಮ ಹೊಲದಾಗ ಇನ್ನೂ ಅದಾವಲ್ಲ. ಒಂದೇ ರಕ್ತದ ಹಿಂಡು ಒಳಗ ಬೆಳಸಿ ಬೆಳಸಿ ಜಾಗ ತುಂಬಿಸೋದ್ಕಿಂತ ಹೊರಗಿನ ಮರಿ ಹೊರಗೇ ಉಳಸೋದು ಸಣ್ಣ ಜೂ ಮಂದಿ ಕೈಲೆ ಆಗೋ ಕೆಲಸ, ಅದಕ್ಕ ಬೇಕಾದ ಕೈ ನಮ್ಮ ಹತ್ರನೇ ಅದಾವ.

ಈಗ ಹಳ್ಳಿ ಮಂದಿಗೆ ಹೇಳಿಟ್ಟೀನಿ, ಮರಿ ಕಂಡ್ರ ಮುಟ್ಟಬ್ಯಾಡ್ರಿ, ಅಷ್ಟು ಜಾಗದ ಬೆಳಿ ಒಂದೆರಡು ದಿನ ಬಿಟ್ಟು ಕೊಯ್ರಿ, ನಾಯಿ ಕಟ್ಟಿಹಾಕ್ರಿ. ಎತ್ತಿದ್ದರೆ ಆ ಜಾಗದಾಗ ಒಂದು ಕೋಲು ನೆಟ್ಟು ಬಟ್ಟಿ ಕಟ್ಟಿ, ಆಮ್ಯಾಲ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ಚ್ರಿ. ಹೋದ ಸುಗ್ಗಿಗೆ ಫೋನ್ ಭಾಳ ಬಂದ್ವು, ಗೋಣಿಚೀಲ ಕಡಿಮಿ ಬಂದ್ವು.