ಗಡಸು ನೀರಿನ ಊರಿನಲ್ಲಿ ಹಳೆಯ ಗೀಸರ್: ದುರಸ್ತಿಯೋ, ಬದಲಾವಣೆಯೋ?

ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರ ಭಾಗದ ನೆಲದಡಿ ಸುಣ್ಣಕಲ್ಲಿನ ಪದರಗಳಿವೆ. ನಾವು ಮನೆಗೆ ಹಾಸುವ ಶಹಾಬಾದಿ ಪರಸಿಯೂ ಅದೇ ಕಲ್ಲು. ಅಂತಹ ನೆಲದಿಂದ ಮೇಲೆ ಬರುವ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ನೀರು ಕಾದಾಗ ಗೀಸರಿನ ಕಾಯಿಲ್‌ಗೆ ಬಿಳಿಯ ಪೊರೆಯಾಗಿ ಅಂಟಿಕೊಳ್ಳುತ್ತದೆ. ಚಳಿಗಾಲ ಬಂದೊಡನೆ ಗೀಸರ್ ತಡವಾಗಿ ಕಾಯುತ್ತಿದ್ದರೆ ಅಥವಾ ಒಳಗೆ ಚಟಪಟ ಸದ್ದು ಮಾಡುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಈ ಪೊರೆಯನ್ನೇ. ಟ್ಯಾಂಕ್ ಸೋರದಿದ್ದರೆ ಹೊಸದನ್ನು ಕೊಳ್ಳುವ ಅವಸರ ಬೇಡ. ಅದೇ ನೀರು ಹೊಸದನ್ನೂ ಹಾಗೆಯೇ ಮಾಡುತ್ತದೆ.

ಗೀಸರ್ ಬಿಚ್ಚುವ ಮುನ್ನ ಸ್ವಿಚ್ ಮಾತ್ರವಲ್ಲದೆ ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿಯನ್ನೂ ಇಳಿಸಿ, ಟರ್ಮಿನಲ್‌ನಲ್ಲಿ ಕರೆಂಟ್ ಇಲ್ಲವೆಂಬುದನ್ನು ಟೆಸ್ಟರ್‌ನಿಂದ ಖಚಿತಪಡಿಸಿಕೊಳ್ಳಬೇಕು. ವೈರಿಂಗ್ ಕೆಲಸದ ಅಭ್ಯಾಸವಿಲ್ಲದವರು ಇದನ್ನು ಎಲೆಕ್ಟ್ರಿಷಿಯನ್‌ಗೇ ಒಪ್ಪಿಸಿ, ಪಕ್ಕದಲ್ಲಿ ನಿಂತು ಮುಂದಿನ ಸಂಗತಿಗಳನ್ನು ಮಾಡಿಸಿಕೊಳ್ಳುವುದೇ ಸರಿ. ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕಿನ ನೀರನ್ನು ಪೂರ್ತಿ ಖಾಲಿ ಮಾಡಿ, ಕೆಳಗಿನ ಮುಚ್ಚಳ ತೆಗೆದ ಮೇಲೆ ವೈರುಗಳ ಜೋಡಣೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಾಗುವುದಿಲ್ಲ.

ಕಾಯಿಲ್ ಹೊರಬಂದಾಗ ಅದರ ಮೇಲಿನ ಸುಣ್ಣವನ್ನು ಚಾಕುವಿನಿಂದ ಕೆರೆಯಬಾರದು. ತೆಳುವಾದ ಲೋಹದ ಕವಚ ಗೀರಿಹೋದರೆ ನೀರಿಗೆ ಕರೆಂಟ್ ತಗಲುವ ಅಪಾಯವಿದೆ. ಬಕೆಟ್‌ನಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಬೆರೆಸಿದ ಬಿಸಿನೀರು ಹಾಕಿ, ಟರ್ಮಿನಲ್‌ಗಳು ಮುಳುಗದಂತೆ ಕಾಯಿಲನ್ನು ಇಳಿಬಿಟ್ಟರೆ ಸುಣ್ಣ ನೊರೆಗಟ್ಟುತ್ತಾ ಕರಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಲೋಹವನ್ನೇ ತಿನ್ನುವುದರಿಂದ ಅದನ್ನು ಬಳಸಬಾರದು. ತೊಳೆದು ಒಣಗಿಸಿದ ಕಾಯಿಲನ್ನು ಮಲ್ಟಿಮೀಟರ್‌ನಲ್ಲಿ ಅಳೆದಾಗ, 2 ಕಿಲೋವ್ಯಾಟ್‌ನದಾದರೆ ಸುಮಾರು 26 ಓಮ್ ತೋರಿಸಬೇಕು; ಟರ್ಮಿನಲ್‌ಗೂ ಹೊರಕವಚಕ್ಕೂ ಸಂಪರ್ಕ ಕಂಡುಬಂದರೆ ಆ ಕಾಯಿಲನ್ನು ಮತ್ತೆ ಹಾಕಲೇಬಾರದು.

ಪಕ್ಕದಲ್ಲೇ ಇರುವ ಮೆಗ್ನೀಶಿಯಂ ರಾಡನ್ನು ನಮ್ಮಲ್ಲಿ ಬಹುತೇಕರು ನೋಡುವುದೇ ಇಲ್ಲ. ಟ್ಯಾಂಕಿನ ಬದಲು ತಾನು ಸವೆದು ತುಕ್ಕನ್ನು ತಡೆಯುವುದೇ ಅದರ ಕೆಲಸ. ಒಳಗಿನ ಕಂಬಿ ಕಾಣುವಷ್ಟು ಅದು ಸವೆದಿದ್ದರೆ, ಗ್ಯಾಸ್ಕೆಟ್‌ನೊಂದಿಗೆ ಅದನ್ನೂ ಬದಲಿಸಬೇಕು. ಟ್ಯಾಂಕಿನ ಆಯುಸ್ಸನ್ನು ಹೆಚ್ಚಿಸುವ ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ.

ನೀರು ಬೇಕಾದಷ್ಟು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟಿತೆಂದು ಅದನ್ನು ಅಥವಾ ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟನ್ನು ಬಿಟ್ಟು ವೈರನ್ನು 'ಡೈರೆಕ್ಟ್' ಮಾಡಿಕೊಡುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ: ನೀರು ಕುದಿಯುತ್ತಲೇ ಹೋಗಿ, ಜೊತೆಗೆ ಸೇಫ್ಟಿ ವಾಲ್ವ್ ಸುಣ್ಣದಿಂದ ಕಟ್ಟಿಕೊಂಡಿದ್ದರೆ ಟ್ಯಾಂಕೇ ಸಿಡಿಯಬಹುದು.

ಟ್ಯಾಂಕಿನಿಂದಲೇ ತುಕ್ಕುನೀರು ಜಿನುಗುತ್ತಿದ್ದರೆ ಮಾತ್ರ ಬದಲಾವಣೆ ಅನಿವಾರ್ಯ. ಬೆಸುಗೆ ಹಾಕಿಸಿದರೆ ಅದು ಬಾಳುವುದಿಲ್ಲ. ಬಕೆಟ್ ಸ್ನಾನದ ಮನೆಗೆ 15 ಲೀಟರ್‌ನದು ಸಾಕಾಗುತ್ತದೆ: 60 ಡಿಗ್ರಿಯ 15 ಲೀಟರ್ ನೀರಿಗೆ 20 ಡಿಗ್ರಿಯ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಸಿಗುತ್ತದೆ. ಒಳಗೆ ಗಾಜಿನ ಲೇಪವಿರುವ ಟ್ಯಾಂಕನ್ನೂ ಹೆಚ್ಚು ಸ್ಟಾರ್ ಇರುವುದನ್ನೂ ಆರಿಸಿ. ಬಿಸಿಲು ಧಾರಾಳವಾಗಿರುವ ಈ ಭಾಗದಲ್ಲಿ ಸೋಲಾರ್ ಕೂಡ ಒಳ್ಳೆಯದೇ, ಆದರೆ ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟ್‌ಗಿಂತ ಗಾಜಿನ ಟ್ಯೂಬಿನದು ಅನುಕೂಲ. ಹಳೆಯ ವೈರಿಗೇ ಹೊಸ ಗೀಸರ್ ಸಿಕ್ಕಿಸದೆ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇವೆಯೇ ಎಂದು ನೋಡಿಕೊಳ್ಳಬೇಕು.

ಹಳೆಯದಾಗಲಿ ಹೊಸದಾಗಲಿ, ಬಿಸಿನೀರಿನ ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಸುರಿಯುವವರೆಗೆ ಸ್ವಿಚ್ ಹಾಕಬಾರದು. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ತಾಪಮಾನ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುವುದರಿಂದ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೆ ಇಡದೆ, ಪ್ರತಿವರ್ಷ ದೀಪಾವಳಿಗೆ ಮುನ್ನ ಒಮ್ಮೆ ಕಾಯಿಲ್ ಬಿಚ್ಚಿಸಿ ತೊಳೆಸಿ.