ಡ್ರೆಸ್ಡೆನ್ ಅರಮನೆಯಲ್ಲಿ ಔರಂಗಜೇಬನ ಹುಟ್ಟುಹಬ್ಬ

ಜರ್ಮನಿಯ ಲೈಪ್‌ಜಿಗ್‌ಗೆ ಕೆಲಸಕ್ಕೆಂದು ಬಂದ ಮೊದಲ ವರ್ಷ ನಾನು ಹದಿನಾಲ್ಕು ಕೋಟೆ, ಅರಮನೆಗಳನ್ನು ನೋಡಿದೆ. ನೋಯ್‌ಶ್ವಾನ್‌ಸ್ಟೈನ್, ಹೈಡೆಲ್‌ಬರ್ಗ್, ವಾರ್ಟ್‌ಬರ್ಗ್, ಪಾಟ್ಸ್‌ಡ್ಯಾಮ್‌ನ ಸಾನ್‌ಸೂಸಿ, ಹೀಗೆ ರಜೆ ಸಿಕ್ಕಾಗಲೆಲ್ಲ ಒಂದೊಂದು. ವರ್ಷ ಮುಗಿಯುವಷ್ಟರಲ್ಲಿ ಯಾವ ಮಂಚ ಯಾವ ಅರಮನೆಯದು ಎಂಬುದೇ ಕಲಸಿಹೋಗಿತ್ತು. ನೋಯ್‌ಶ್ವಾನ್‌ಸ್ಟೈನ್‌ನ ಒಳಗೆ ಸಿಗುವುದೇ ಸುಮಾರು ಅರ್ಧ ಗಂಟೆ. ಟಿಕೆಟ್‌ನಲ್ಲಿ ಬರೆದ ಹೊತ್ತಿಗೆ ಒಳಹೋಗಬೇಕು, ಮುಂದಿನ ಗುಂಪು ಬರುವ ಮೊದಲು ಜಾಗ ಬಿಡಬೇಕು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಅಷ್ಟು ಅವಸರದಲ್ಲಿ ನೋಡಿ ಬಂದೆನಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಎರಡನೆಯ ವರ್ಷ ಕ್ರಮ ಬದಲಿಸಿದೆ. ಒಬ್ಬನೇ ಒಬ್ಬ ಅರಸನನ್ನು ಆರಿಸಿಕೊಂಡು ಅವನ ಜಾಡಿನಲ್ಲೇ ಹೋಗುವುದು. ನಾನು ಆರಿಸಿದ್ದು ಸ್ಯಾಕ್ಸನಿಯ ಆಗಸ್ಟನನ್ನು. ಜರ್ಮನ್ನರು ಅವನನ್ನು ‘ಬಲಶಾಲಿ ಆಗಸ್ಟ್’ ಎಂದೇ ಕರೆಯುತ್ತಾರೆ. 1694ರಲ್ಲಿ ಸ್ಯಾಕ್ಸನಿಯ ಅಧಿಕಾರಕ್ಕೆ ಬಂದವನು, 1697ರಲ್ಲಿ ಪೋಲೆಂಡಿಗೂ ದೊರೆಯಾದ. ಅವನಿಗೆ ಸಂಬಂಧಿಸಿದ ಮುಖ್ಯ ಸ್ಥಳಗಳೆಲ್ಲ ನನಗೆ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರ, ಪ್ರಾದೇಶಿಕ ರೈಲುಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಒಂದೇ ಸಾಕು.

ಮೊದಲು ಮೈಸೆನ್‌ಗೆ ಹೋದೆ. ಅಲ್ಲಿನ ಆಲ್ಬ್ರೆಖ್ಟ್ಸ್‌ಬುರ್ಗ್ ಕೋಟೆಯಲ್ಲಿ 1710ರಲ್ಲಿ ಆಗಸ್ಟ್ ದೊರೆ ಪಿಂಗಾಣಿ ಕಾರ್ಖಾನೆ ತೆರೆಸಿದ. ಅದಕ್ಕೂ ಮುಂಚೆ, ಪಿಂಗಾಣಿಯ ಗುಟ್ಟು ಹುಡುಕುತ್ತಿದ್ದ ಬ್ಯೋಟ್‌ಗರ್ ಎಂಬುವನನ್ನು ಕ್ಯೋನಿಗ್‌ಸ್ಟೈನ್ ಕೋಟೆಯಲ್ಲಿ ಸೆರೆಯಿಟ್ಟಿದ್ದ. ಹಾಗಾಗಿ ನನ್ನ ಮುಂದಿನ ಪ್ರಯಾಣ ಕ್ಯೋನಿಗ್‌ಸ್ಟೈನ್‌ಗೆ. ಬಂಡೆಯಲ್ಲಿ 152.5 ಮೀಟರ್ ಆಳಕ್ಕೆ ಕೊರೆದ ಬಾವಿ ಅಲ್ಲಿದೆ. ವಿಜಯಪುರದ ತಾಜ್ ಬಾವಡಿಯ ಮೆಟ್ಟಿಲ ಮೇಲೆ ಆಡಿ ಬೆಳೆದ ನನಗೆ ಆ ಬಾವಿಯ ಬಳಿಯಿಂದ ಕದಲಲು ಮನಸ್ಸಾಗಲಿಲ್ಲ. ಆಮೇಲೆ ಡ್ರೆಸ್ಡೆನ್‌ನ ಟ್ಸ್‌ವಿಂಗರ್, ಆಗಸ್ಟನ ಪಿಂಗಾಣಿ ಸಂಗ್ರಹವಿರುವ ಕಟ್ಟಡ. 1717ರಲ್ಲಿ ಆಗಸ್ಟ್ ತನ್ನ 600 ಸೈನಿಕರನ್ನು ಪ್ರಶ್ಯದ ದೊರೆಗೆ ಕೊಟ್ಟು, ಬದಲಿಗೆ 151 ಪಿಂಗಾಣಿ ವಸ್ತುಗಳನ್ನು ಪಡೆದ. ಅವುಗಳಲ್ಲಿನ ದೊಡ್ಡ ನೀಲಿ–ಬಿಳಿ ಜಾಡಿಗಳ ಮುಂದೆ ನಿಂತಾಗ ಆ 600 ಜನರ ಊರು, ಮನೆಗಳೇ ಕಣ್ಣ ಮುಂದೆ ಬಂದವು. ಬ್ಯೋಟ್‌ಗರ್‌ನ ಸೆರೆಮನೆ ನೋಡದೆ ನೇರ ಇಲ್ಲಿಗೆ ಬಂದಿದ್ದರೆ ಅವು ನನಗೆ ಬರೀ ಜಾಡಿಗಳಾಗಿರುತ್ತಿದ್ದವು.

ಡ್ರೆಸ್ಡೆನ್ ಅರಮನೆಗೆ ಮೊದಲ ಸಲ ಹೋದಾಗ ಬಾಗಿಲು ಮುಚ್ಚಿತ್ತು. ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ ಎಂದು ತಿಳಿದು ನಾನು ಮಂಗಳವಾರ ಹೋಗಿದ್ದೆ. ಈ ಅರಮನೆಗೆ ರಜೆ ಮಂಗಳವಾರವೇ. ಅಂದಿನಿಂದ ಹೊರಡುವ ಹಿಂದಿನ ರಾತ್ರಿ ಆಯಾ ಸ್ಥಳದ ವೇಳಾಪಟ್ಟಿ ನೋಡದೆ ನಾನು ರೈಲು ಹತ್ತುವುದಿಲ್ಲ. ಲಾಕರಿಗೆ ಹಾಕಲು ನಾಣ್ಯವೂ ಜೇಬಿನಲ್ಲಿರುತ್ತದೆ, ಬೆನ್ನಿನ ಚೀಲ ಹೊತ್ತು ಒಳಗೆ ಹೋಗುವಂತಿಲ್ಲ. ಆಗಸ್ಟ್‌ನ ಖಜಾನೆಗೆ ‘ಹಸಿರು ಕಮಾನು’ ಎಂದು ಹೆಸರು, ಅದು ಎರಡು ಭಾಗವಾಗಿದೆ. ಹಳೆಯ ಕೋಣೆಗಳಿಗೆ ಹೊತ್ತು ಗೊತ್ತುಪಡಿಸಿದ ಟಿಕೆಟ್ ಮುಂಚೆಯೇ ತೆಗೆದುಕೊಳ್ಳುವುದು ಒಳ್ಳೆಯದು. ಅವು ಕಣ್ಣು ಕೋರೈಸುವಂತಿವೆ, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಸ ಭಾಗದಲ್ಲಿದೆ.

ಒಂದೂವರೆ ಮೀಟರಿಗೂ ತುಸು ಕಡಿಮೆ ಅಗಲದ ಒಂದು ಬೊಂಬೆ ದರ್ಬಾರು. ಹೆಸರು ‘ಮಹಾಮೊಗಲ ಔರಂಗಜೇಬನ ಹುಟ್ಟುಹಬ್ಬದಂದು ದೆಹಲಿಯ ಆಸ್ಥಾನ’. ಡಿಂಗ್ಲಿಂಗರ್ ಎಂಬ ಅಕ್ಕಸಾಲಿಗ ತನ್ನ ಇಬ್ಬರು ತಮ್ಮಂದಿರೊಡನೆ 1701ರಿಂದ 1708ರವರೆಗೆ ಇದಕ್ಕಾಗಿ ದುಡಿದ. ಚಿನ್ನ, ಬೆಳ್ಳಿ, ಮೀನಾಕಾರಿ, 4,909 ವಜ್ರ. ಕಾಣಿಕೆ ಹೊತ್ತ ಸರದಾರರು, ಆನೆ, ಒಂಟೆ, ಕುದುರೆ, ಬಾದಶಹನನ್ನು ತೂಗುವ ತಕ್ಕಡಿ. ಭಾರತವನ್ನೇ ಕಾಣದ ಕೈಗಳು ಪ್ರವಾಸಿಗಳ ಬರಹ ಓದಿ ಕಟ್ಟಿದ ಲೋಕ ಇದು. ನಡುನಡುವೆ ಚೀನಾ, ಈಜಿಪ್ಟಿನ ಚಿತ್ರಗಳೂ ನುಸುಳಿವೆ. 1945ರಲ್ಲಿ ಬಾಂಬು ಬಿದ್ದು ಅರಮನೆ ಸುಟ್ಟಾಗ ಖಜಾನೆ ಕ್ಯೋನಿಗ್‌ಸ್ಟೈನ್ ಕೋಟೆಯಲ್ಲಿದ್ದುದರಿಂದ ಉಳಿಯಿತು. ಮುಂದೆ ಸೋವಿಯತ್ ದೇಶಕ್ಕೆ ಹೋಗಿ 1958ರಲ್ಲಿ ಮರಳಿತು.

ಕಳೆದ ಬೇಸಿಗೆಯಲ್ಲಿ ವಿಜಯಪುರದಿಂದ ಅವ್ವ ಬಂದಿದ್ದಾಗ ಅವಳನ್ನು ನೇರವಾಗಿ ಇದರ ಮುಂದೆ ಕರೆದುಕೊಂಡು ಹೋದೆ. ಎತ್ತರದ ಸಿಂಹಾಸನದಲ್ಲಿ ಕುಳಿತ ಪುಟ್ಟ ಬಾದಶಹನನ್ನು ಅವಳು ಬಾಗಿ ನೋಡಿದಳು.

“ನಮ್ಮ ಊರನ್ನು ತೆಗೆದುಕೊಂಡವನು ಇವನೇ ಏನು?”

“ಇವನೇ ಅವ್ವ. ಮುಲ್ಕ್-ಎ-ಮೈದಾನ್ ತೋಪಿನ ಮೇಲೆ ತನ್ನ ಗೆಲುವನ್ನು ಬರೆಸಿದವನು.”

ಆದಿಲ್‌ಶಾಹಿ ಮುಗಿದದ್ದು 1686ರಲ್ಲಿ. ಡಿಂಗ್ಲಿಂಗರ್ ಇಲ್ಲಿ ವಜ್ರ ಕೂರಿಸುತ್ತಿದ್ದ ವರ್ಷಗಳಲ್ಲಿ ಔರಂಗಜೇಬ ದೆಹಲಿಯಲ್ಲಿರಲೇ ಇಲ್ಲ. ಮುಪ್ಪಿನ ಬಾದಶಹ ನಮ್ಮ ದಖ್ಖನಿನಲ್ಲಿ ಒಂದು ಮುತ್ತಿಗೆಯಿಂದ ಇನ್ನೊಂದಕ್ಕೆ ಡೇರೆ ಕಿತ್ತು ಹೋಗುತ್ತಿದ್ದ. 1705ರಲ್ಲಿ ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅದೇ ಅವನ ಕೊನೆಯ ದಂಡಯಾತ್ರೆ. 1707ರಲ್ಲಿ ಅಹ್ಮದನಗರದಲ್ಲಿ ತೀರಿಕೊಂಡ. ಈ ಹುಟ್ಟುಹಬ್ಬ ಸಿದ್ಧವಾಗುವ ಹೊತ್ತಿಗೆ ಅದರ ಒಡೆಯನೇ ಇರಲಿಲ್ಲ. ಇದನ್ನೆಲ್ಲ ಗಾಜಿನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದೆ.

ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ವಾಗಣಗೇರಾದ್ದು ಇನ್ನೊಮ್ಮೆ ಹೇಳು” ಎಂದಳು. ಮಧ್ಯಾಹ್ನ ಟ್ಸ್‌ವಿಂಗರ್‌ಗೂ ಟಿಕೆಟ್ ತೆಗೆದಿಟ್ಟಿದ್ದೆ. ನಾವು ಅಲ್ಲಿಗೆ ಹೋಗಲಿಲ್ಲ.